1991ಕ್ಕೂ ಮೊದಲು 1970: ಕಾಸರಗೋಡಿನಿಂದ ಕಂಡ ಆರ್ಥಿಕ ಸುಧಾರಣೆ

ಕಾನೂನು ಓದಿದ ಯಾರನ್ನೇ ಕೇಳಿ, ಕೇಶವಾನಂದ ಭಾರತಿ ಕೇಸು ಗೊತ್ತಿರುತ್ತದೆ. ಸಂವಿಧಾನದ ಮೂಲ ಸ್ವರೂಪಕ್ಕೆ ಸಂಸತ್ತೂ ಕೈ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ ಕೇಸು ಅದು. ಆದರೆ ಅದು ಶುರುವಾದದ್ದು ಕಾಸರಗೋಡಿನ ಎಡನೀರು ಮಠದ ಜಮೀನಿನ ವಿಷಯಕ್ಕೆ. ಕೇರಳ ಸರಕಾರ ಭೂಮಸೂದೆ ತಂದಿತು, ಮಠದ ಜಮೀನು ಕೈ ತಪ್ಪುವ ಹಾಗಾಯಿತು, ಸ್ವಾಮೀಜಿ ಕೋರ್ಟಿಗೆ ಹೋದರು. ಪಾಠಪುಸ್ತಕದಲ್ಲಿ ಪ್ರಜಾಪ್ರಭುತ್ವದ ಕಥೆಯಾಗಿ ಬರುವ ಈ ಕೇಸು ಬುಡದಲ್ಲಿ ಪಕ್ಕಾ ಹಣಕಾಸಿನ ಕಥೆ.

ಆರ್ಥಿಕ ಸುಧಾರಣೆ ಎಂದ ಕೂಡಲೇ ಎಲ್ಲರೂ 1991 ಎನ್ನುತ್ತಾರೆ. ದೆಹಲಿ, ಮುಂಬೈ, ಬೆಂಗಳೂರಿನ ಮಟ್ಟಿಗೆ ಅದು ಸರಿಯೇ. ಆದರೆ ಕಾಸರಗೋಡಿನ ನೀರ್ಚಾಲು, ಪೆರ್ಲ, ಬಾಯಾರಿನಂಥ ಊರುಗಳಲ್ಲಿ ನಿಂತು ನೋಡಿದರೆ ದೊಡ್ಡ ತಿರುವು ಬಂದದ್ದು 1970ರಲ್ಲಿ. 1991 ಇಲ್ಲಿಗೆ ತಡವಾಗಿ ಬಂತು. ಬಂದಾಗಲೂ ಕಾರ್ಖಾನೆಯಾಗಿ ಬರಲಿಲ್ಲ, ಅಡಿಕೆ ಧಾರಣೆಯಾಗಿ ಬಂತು. ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಬ್ರಿಟಿಷರು ಏನು ಬಿಟ್ಟು ಹೋದರು ಎಂಬಲ್ಲಿಂದಲೇ ಶುರು ಮಾಡಬೇಕು.

1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಬೇಕಲ ಕೋಟೆಯೂ ಜೊತೆಗೆ ಹೋಯಿತು. ಮೊದಲ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಬಂಗಾಳದಲ್ಲಿ ಕಂಪನಿ 1793ರಲ್ಲಿ ಜಮೀನ್ದಾರರನ್ನು ಮಧ್ಯೆ ಇಟ್ಟುಕೊಂಡು ಕಂದಾಯ ಎತ್ತುವ ಪದ್ಧತಿ ಮಾಡಿತ್ತು. ಮನ್ರೋ ಅದನ್ನು ಒಪ್ಪಲಿಲ್ಲ. ಮಧ್ಯೆ ಯಾರೂ ಬೇಡ, ಜಮೀನು ಹಿಡಿದವನ ಹತ್ತಿರವೇ ಸರಕಾರ ಕಂದಾಯ ವಸೂಲು ಮಾಡಲಿ ಎಂದ. ಇದೇ ಮುಂದೆ ಮದ್ರಾಸ್ ಪ್ರಾಂತದ ರೈತವಾರಿ ಪದ್ಧತಿಯಾಯಿತು. ಕೇಳಲು ಚೆಂದವಾಗಿದೆ, ಅಲ್ವಾ? ಆದರೆ ಸರಕಾರದ ಲೆಕ್ಕದಲ್ಲಿ ರೈತ ಎಂದರೆ ಉತ್ತವನಲ್ಲ, ವರ್ಗದಾರ, ಅಂದರೆ ಜಮೀನು ತನ್ನ ಹೆಸರಿನಲ್ಲಿದ್ದು ಕಂದಾಯ ಕಟ್ಟುವ ಧಣಿ. ಅವನ ಕೆಳಗೆ ಮೂಲಗೇಣಿಯವನು. ಅವನದು ಶಾಶ್ವತ ಗೇಣಿ, ಮೊತ್ತ ಏರುವುದಿಲ್ಲ. ಇನ್ನೂ ಕೆಳಗೆ ಚಾಲಗೇಣಿಯವನು. ಧಣಿಗೆ ಮನಸ್ಸಾದರೆ ಮುಂದಿನ ವರ್ಷ ಅವನು ಒಕ್ಕಲೇ ಅಲ್ಲ. ವರ್ಗದ ಜಮೀನಿನ ಸುತ್ತ 450 ಗಜದ ಒಳಗಿನ ಕುಮ್ಕಿ ಎಂಬ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ಕೂಡ ವರ್ಗದಾರನಿಗೇ. ಚಾಲಗೇಣಿಯ ಒಕ್ಕಲು ಸರಕಾರದ ಪುಸ್ತಕದಲ್ಲಿ ಇರಲೇ ಇಲ್ಲ ಎಂದರೂ ತಪ್ಪಲ್ಲ.

ಇನ್ನೊಂದು ಪೆಟ್ಟು ಕೊಟ್ಟದ್ದು ರೊಕ್ಕ. ಭತ್ತ ಕೊಟ್ಟರೆ ಸಾಲದು, ಕಂದಾಯವನ್ನು ನಗದಾಗಿಯೇ ಕಟ್ಟಬೇಕು. ಧಾರಣೆ ಬಿದ್ದ ವರ್ಷ ಅದೇ ಕಂದಾಯಕ್ಕೆ ಜಾಸ್ತಿ ಭತ್ತ ಮಾರಬೇಕು. ಉಪ್ಪು, ಹೊಗೆಸೊಪ್ಪಿನ ವ್ಯಾಪಾರವನ್ನೂ ಕಂಪನಿ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. 1837ರಲ್ಲಿ ಸುಳ್ಯದಿಂದ ಮಂಗಳೂರಿನ ತನಕ ಎದ್ದ ದಂಗೆಯ ಹಿಂದೆ ಈ ಸಿಟ್ಟು ಇತ್ತು.

1907ರಲ್ಲಿ ಶೋರನೂರು ಕಡೆಯಿಂದ ಬಂದ ರೈಲು ಹಳಿ ಕಾಸರಗೋಡು ದಾಟಿ ಮಂಗಳೂರು ಮುಟ್ಟಿತು. ರೈಲು ಬಂದರೆ ಊರು ಉದ್ಧಾರ ಎಂದು ಶಾಲೆಯಲ್ಲಿ ಓದಿದ್ದೇವೆ. ಒಳ್ಳೆಯದಾಯಿತು, ಇಲ್ಲ ಎನ್ನುವುದಿಲ್ಲ. ಆದರೆ ಹಳಿ ಹಾಕಿದ್ದು ಹೆಚ್ಚಾಗಿ ಮಾಲನ್ನು ಬಂದರಿಗೆ ಮುಟ್ಟಿಸುವ ಲೆಕ್ಕದಲ್ಲಿ, ಮತ್ತೆ ಸೈನ್ಯವನ್ನು ಬೇಕಾದಲ್ಲಿಗೆ ಸಾಗಿಸುವ ಲೆಕ್ಕದಲ್ಲಿ. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಭಾರತೀಯರ ತಲಾ ಆದಾಯ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. 1951ರ ಜನಗಣತಿಯಲ್ಲಿ ಓದು ಬರಹ ಬಲ್ಲವರು ನೂರಕ್ಕೆ 18 ಮಂದಿ. ಹೊಸ ಸರಕಾರದ ಕೈಗೆ ಬಂದ ದೇಶ ಇದು.

ಆ ಕಾಲದ ನಾಯಕರಿಗೆ ಒಂದು ಭಯ ಇತ್ತು. ಸುಮ್ನೆ ಹುಟ್ಟಿದ ಭಯ ಅಲ್ಲ. ವ್ಯಾಪಾರಕ್ಕೆ ಬಂದ ಕಂಪನಿಯೇ ದೇಶ ಆಳಿತು. ಆದ್ದರಿಂದ ಹೊರಗಿನ ವ್ಯಾಪಾರವನ್ನು ನಂಬುವುದು ಹೇಗೆ? 1951ರಲ್ಲಿ ಪಂಚವಾರ್ಷಿಕ ಯೋಜನೆ ಶುರುವಾಯಿತು. ಅದೇ ವರ್ಷದ ಕಾಯಿದೆಯಿಂದ ಕಾರ್ಖಾನೆ ಹಾಕಲು ಲೈಸೆನ್ಸ್ ಬೇಕಾಯಿತು. 1956ರ ಎರಡನೇ ಯೋಜನೆ ಉಕ್ಕು, ಯಂತ್ರ ಎಂದು ಭಾರೀ ಕೈಗಾರಿಕೆಯ ಕಡೆ ತಿರುಗಿತು. ಹೊರಗಿನಿಂದ ತರಿಸುವುದನ್ನು ಇಲ್ಲೇ ಮಾಡೋಣ, ಅಲ್ಲಿಯ ತನಕ ಆಮದಿಗೆ ಬೇಲಿ ಹಾಕೋಣ ಎಂಬುದು ಒಟ್ಟು ಧೋರಣೆ. ಅರ್ಥಶಾಸ್ತ್ರದವರು ಇದನ್ನು ಆಮದು ಪರ್ಯಾಯ ನೀತಿ ಎನ್ನುತ್ತಾರೆ.

ಈ ನೀತಿಗೆ ಉದಾಹರಣೆಯಾಗಿ ಎಲ್ಲರೂ ಭಿಲಾಯಿಯ ಉಕ್ಕನ್ನು ತೋರಿಸುತ್ತಾರೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಅಡಿಕೆಯೇ ಸಾಕು. ಈಗಿನ ಮಕ್ಕಳು ನಂಬಲಿಕ್ಕಿಲ್ಲ, ಆದರೆ ಸ್ವಾತಂತ್ರ್ಯದ ಹೊತ್ತಿಗೆ ಭಾರತ ಅಡಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹೊರಗಿನಿಂದ ತರಿಸುತ್ತಿತ್ತು. ದೇಶ ವಿಭಜನೆಯಾದಾಗ ಅಡಿಕೆ ಬೆಳೆಯುವ ಪೂರ್ವ ಬಂಗಾಳವೂ ಕೈ ತಪ್ಪಿತು. 1949ರಲ್ಲಿ ಕೇಂದ್ರ ಸರಕಾರ ಅಡಿಕೆಗೆಂದೇ ಒಂದು ಸಮಿತಿ ಮಾಡಿತು. 1956ರಲ್ಲಿ ಗಡಿಯಾಚೆ ವಿಟ್ಲದಲ್ಲಿ ಸಂಶೋಧನಾ ಕೇಂದ್ರ ಬಂತು. ಕಾಸರಗೋಡಿನಲ್ಲಿ 1916ರಿಂದಲೂ ತೆಂಗಿನ ಸಂಶೋಧನಾ ಕೇಂದ್ರ ಇತ್ತು. 1970ರಲ್ಲಿ ಎಲ್ಲ ಒಟ್ಟು ಸೇರಿ ಈಗಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆಯಿತು. 1972ರಲ್ಲಿ ಮಂಗಳ ಎಂಬ ಅಡಿಕೆ ತಳಿ ಹೊರಬಂತು. ಒಂದು ಕಡೆ ಆಮದಿಗೆ ತಡೆ, ಇನ್ನೊಂದು ಕಡೆ ಹೊಸ ಗಿಡ. ಧಾರಣೆ ಏರಿತು, ಧಾರಣೆ ನೋಡಿ ಜನ ನೆಟ್ಟರು. ಎಪ್ಪತ್ತರ ದಶಕದ ಹೊತ್ತಿಗೆ ದೇಶಕ್ಕೆ ಬೇಕಾದಷ್ಟು ಅಡಿಕೆ ದೇಶದಲ್ಲೇ ಆಯಿತು. ಯೋಜನೆ ಗೆದ್ದಿತು.

ಗೆದ್ದ ಕೂಡಲೇ ಧಾರಣೆ ಬಿತ್ತು! ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಜಮೀನಿನ ವಿಷಯ ಮುಗಿಸಬೇಕು, ಯಾಕೆಂದರೆ ಗಿಡ ನೆಡುವ ಧೈರ್ಯ ಎಲ್ಲಿಂದ ಬಂತು ಎಂಬುದು ಅಲ್ಲಿದೆ.

ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದರಿಂದ ಏಳು ವರ್ಷ ಬೇಕು. ಮುಂದಿನ ವರ್ಷ ಒಕ್ಕಲೆಬ್ಬಿಸಿದರೆ ಏನು ಗತಿ ಎಂದು ಕೂತವನು ಅಡಿಕೆ ನೆಡುತ್ತಾನಾ? ನೆಡುವುದಿಲ್ಲ. ಭತ್ತ ಬಿತ್ತುತ್ತಾನೆ, ನಾಲ್ಕು ತಿಂಗಳಲ್ಲಿ ಕೊಯ್ಯುತ್ತಾನೆ, ಗೇಣಿ ಅಳೆದು ಉಳಿದದ್ದು ಉಣ್ಣುತ್ತಾನೆ. ನೀರಿಗಾಗಿ ಗುಡ್ಡದ ಮುರಕಲ್ಲಿನ ಒಳಗೆ ಸುರಂಗ ಕೊರೆಯುವುದು ನಮ್ಮ ಕಡೆಯ ಹಳೆಯ ವಿದ್ಯೆ. ಒಬ್ಬ ಬಗ್ಗಿ ನಡೆಯುವಷ್ಟೇ ಅಗಲ, ಒಳಗೆ ಮಿಣುಕು ದೀಪ, ಹಾರೆ, ಬುಟ್ಟಿ ತುಂಬಾ ಮಣ್ಣು. ಹತ್ತು ಕೋಲು ಹೋದರೂ ನೀರು ಸಿಗದಿರಬಹುದು. ಇನ್ನೊಬ್ಬರ ಜಾಗದಲ್ಲಿ ಅಷ್ಟು ಬೆವರು ಸುರಿಸುವ ಹುಚ್ಚು ಯಾರಿಗಿದೆ? ಗೇಣಿ ಪದ್ಧತಿ ಅನ್ಯಾಯ ಎಂಬುದು ಒಂದು ಮಾತು. ಅದು ಬಂಡವಾಳ ಹೂಡುವುದನ್ನೇ ತಡೆಯುತ್ತಿತ್ತು ಎಂಬುದು ಅರ್ಥಶಾಸ್ತ್ರದ ಮಾತು. ಈ ಎರಡನೆಯದನ್ನು ನಾವು ಕಡಿಮೆ ಹೇಳುತ್ತೇವೆ.

ಹೋರಾಟ ಹಳೆಯದೇ. 1941ರಲ್ಲಿ ಕಯ್ಯೂರಿನಲ್ಲಿ ರೈತರ ಚಳವಳಿ ಪೊಲೀಸನೊಬ್ಬನ ಸಾವಿನಲ್ಲಿ ಮುಟ್ಟಿ, 1943ರಲ್ಲಿ ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. 1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ಭಾಷೆಯ ಮಾತು ಇಲ್ಲಿ ಬೇಡ, ಅದಕ್ಕೆ ಬೇರೆಯೇ ಲೇಖನ ಬೇಕು. ಆದರೆ ಆ ಗೆರೆ ಎಳೆದದ್ದರಿಂದ ಜಮೀನಿನ ಹಣೆಬರಹವೂ ಬದಲಾಯಿತು. 1957ರಲ್ಲಿ ಅಧಿಕಾರಕ್ಕೆ ಬಂದ ಕೇರಳದ ಕಮ್ಯುನಿಸ್ಟ್ ಸರಕಾರ ಮೊದಲು ಮಾಡಿದ್ದೇ ಒಕ್ಕಲೆಬ್ಬಿಸುವುದನ್ನು ನಿಲ್ಲಿಸಿದ್ದು. ಆಮೇಲೆ ಕೃಷಿ ಸಂಬಂಧ ಮಸೂದೆ ಬಂತು.

ಆ ಕಾಯಿದೆಗೆ ಅಡ್ಡ ಬಂದದ್ದು ನಮ್ಮ ಕಡೆಯ ಕೇಸೇ. ಹೊಸದುರ್ಗ ಮತ್ತು ಕಾಸರಗೋಡು ತಾಲೂಕಿನ ಜಮೀನಿನವರು ಸುಪ್ರೀಂ ಕೋರ್ಟಿಗೆ ಹೋದರು. ಕರಿಂಬಿಲ್ ಕುಂಞಿಕೋಮನ್ ಕೇಸು, ತೀರ್ಪು 1961ರ ಡಿಸೆಂಬರ್‌ನಲ್ಲಿ. ಎಸ್ಟೇಟುಗಳನ್ನು, ಅಂದರೆ ಜಮೀನ್ದಾರಿಯಂಥ ಹಿಡುವಳಿಗಳನ್ನು, ಸರಕಾರ ವಹಿಸಿಕೊಳ್ಳುವ ಕಾನೂನುಗಳಿಗೆ ಸಂವಿಧಾನದ ರಕ್ಷಣೆ ಇತ್ತು. ಆದರೆ ನಮ್ಮದು ರೈತವಾರಿ ಜಮೀನು, ಎಸ್ಟೇಟ್ ಅಲ್ಲ ಎಂದು ಅವರು ವಾದಿಸಿದರು. ಕೋರ್ಟು ಹೌದೆಂದಿತು. ಮದ್ರಾಸ್ ಸರಕಾರದ ಹಳೇ ಕಂದಾಯ ಪದ್ಧತಿ ನೂರೈವತ್ತು ವರ್ಷದ ಬಳಿಕ ಬಂದು ಕೇರಳದ ಭೂಸುಧಾರಣೆಯ ಕಾಲು ಹಿಡಿದೆಳೆಯಿತು! ಇನ್ನೊಂದು ಮಾತನ್ನೂ ಕೋರ್ಟು ಹೇಳಿತು. ಚಹಾ, ಕಾಫಿ, ರಬ್ಬರ್ ತೋಟಕ್ಕೆ ಇಷ್ಟೇ ಜಮೀನು ಇಟ್ಟುಕೊಳ್ಳಬೇಕು ಎಂಬ ಮಿತಿಯಿಂದ ವಿನಾಯಿತಿ ಕೊಟ್ಟು ಅಡಿಕೆ ಮತ್ತು ಕರಿಮೆಣಸಿನ ತೋಟಕ್ಕೆ ಕೊಡದಿರುವುದು ಭೇದಭಾವ ಎಂದು. ನಮ್ಮ ಅಡಿಕೆಯ ಮರ್ಯಾದೆ ಅಷ್ಟು ಎತ್ತರದ ಕೋರ್ಟಿನಲ್ಲಿ ಚರ್ಚೆಯಾಗಿದೆ ಎಂದರೆ ಸ್ವಲ್ಪ ಖುಷಿಯೇ.

ಖುಷಿ ಜಾಸ್ತಿ ದಿನ ಉಳಿಯಲಿಲ್ಲ. 1964ರಲ್ಲಿ ಸಂಸತ್ತು ಸಂವಿಧಾನಕ್ಕೆ 17ನೇ ತಿದ್ದುಪಡಿ ತಂದು ರೈತವಾರಿ ಜಮೀನನ್ನೂ ಎಸ್ಟೇಟ್ ಎಂಬುದರ ಒಳಗೆ ಸೇರಿಸಿತು. ಕೇರಳದ ಹೊಸ ಭೂಸುಧಾರಣಾ ಕಾಯಿದೆಯನ್ನು ಕೋರ್ಟು ಸುಲಭದಲ್ಲಿ ಮುಟ್ಟದ ಹಾಗೆ ಒಂಬತ್ತನೇ ಅನುಸೂಚಿಯಲ್ಲಿ ಇಟ್ಟಿತು. 1969ರ ತಿದ್ದುಪಡಿಯೊಂದಿಗೆ ಕಾಯಿದೆ 1970ರ ಜನವರಿ 1ರಂದು ಪೂರ್ತಿ ಜಾರಿಗೆ ಬಂತು. ಅವತ್ತಿನಿಂದ ಗೇಣಿ ಎಂಬುದೇ ಇಲ್ಲ. ಧಣಿಯ ಹಕ್ಕು ಸರಕಾರಕ್ಕೆ, ಸರಕಾರದಿಂದ ಒಕ್ಕಲಿಗೆ. ಗಡಿಯಾಚೆ ದಕ್ಷಿಣ ಕನ್ನಡದಲ್ಲಿ ಇದೇ ಕೆಲಸ ಆಗಲು ದೇವರಾಜ ಅರಸು ಸರಕಾರದ 1974ರ ತಿದ್ದುಪಡಿ ಬೇಕಾಯಿತು. ಎರಡೂ ಕಡೆ ಜಮೀನಿದ್ದ ಮನೆಗಳಿಗೆ ಒಂದೇ ಬಿಸಿ ಎರಡು ಸಲ ತಟ್ಟಿತು.

ಹಳೇ ಮನೆಗಳಲ್ಲಿ ಕಬ್ಬಿಣದ ಪೆಟ್ಟಿಗೆ ತೆಗೆದರೆ ಈ ಚರಿತ್ರೆ ಬಟ್ಟೆಯಲ್ಲಿ ಕಟ್ಟಿಟ್ಟಂತೆ ಸಿಗುತ್ತದೆ. ತಳದಲ್ಲಿ ಮದ್ರಾಸ್ ಕಾಲದ ಕರಾರು ಪತ್ರ, ಛಾಪಾ ಕಾಗದದ ಮೇಲೆ ಕನ್ನಡದಲ್ಲಿ ಮಸಿಯ ಬರಹ, ಚಾಲಗೇಣಿ ಇಷ್ಟು ಮುಡಿ ಅಕ್ಕಿ ಎಂದು. ಅದರ ಮೇಲೆ ಗೇಣಿ ರಶೀದಿಗಳು. ಎಲ್ಲಕ್ಕಿಂತ ಮೇಲೆ ಲ್ಯಾಂಡ್ ಟ್ರಿಬ್ಯೂನಲ್ಲಿನ ಕ್ರಯ ಸರ್ಟಿಫಿಕೇಟು, ಮಲಯಾಳದಲ್ಲಿ. ಆ ಕೊನೆಯ ಕಾಗದವನ್ನು ಹಿಡಿದುಕೊಂಡು ಒಕ್ಕಲು ಮೊದಲು ಹೋದದ್ದು ಎಲ್ಲಿಗೆ? ಬ್ಯಾಂಕಿಗೆ. 1969ರ ಜುಲೈ 19ರಂದು ದೇಶದ 14 ಬ್ಯಾಂಕುಗಳ ರಾಷ್ಟ್ರೀಕರಣ ಆಗಿತ್ತು. ಅದರಲ್ಲಿ ಎರಡು, ಕೆನರಾ ಮತ್ತು ಸಿಂಡಿಕೇಟ್, ನಮ್ಮ ಹಳೇ ಜಿಲ್ಲೆಯಲ್ಲೇ ಹುಟ್ಟಿದವು. ಕೃಷಿಗೆ ಸಾಲ ಕೊಡಿ ಎಂದು ಸರಕಾರ ಬ್ಯಾಂಕುಗಳನ್ನು ಒತ್ತಾಯಿಸುತ್ತಿದ್ದ ಹೊತ್ತು. ಅಡವಿಡಲು ಈಗ ಕಾಗದ ಇತ್ತು. ಸಾಲ ಸಿಕ್ಕಿತು, ಪಂಪ್‌ಸೆಟ್ ಬಂತು, ಬೈಲಿನ ಗದ್ದೆ ತೋಟವಾಯಿತು. ಇದು ಯಾವ ಬಜೆಟ್ ಭಾಷಣದಲ್ಲೂ ಒಂದೇ ಸಾಲಿನಲ್ಲಿ ಬಂದದ್ದಲ್ಲ. ಆಮದಿಗೆ ತಡೆ, ಜಮೀನಿನ ಕಾಯಿದೆ, ಬ್ಯಾಂಕ್ ರಾಷ್ಟ್ರೀಕರಣ, ಈ ಮೂರು ಬೇರೆ ಬೇರೆ ನಿರ್ಧಾರಗಳು ಒಂದೇ ಅಂಗಳದಲ್ಲಿ ಬಂದು ಸೇರಿದವು.

ಎಲ್ಲರಿಗೂ ಸಿಕ್ಕಿತಾ? ಇಲ್ಲ. ಕಾಯಿದೆ ಜಮೀನು ಕೊಟ್ಟದ್ದು ಗೇಣಿಗೆ ಹಿಡಿದವನಿಗೆ, ಅದೇ ಜಮೀನಿನಲ್ಲಿ ಕೂಲಿಗೆ ದುಡಿದವನಿಗಲ್ಲ. ಕೊರಗರು, ಮೊಗೇರರಂಥ ಆದಿವಾಸಿ, ದಲಿತ ಸಮುದಾಯದವರು ಗೇಣಿದಾರರಾಗಿ ಇದ್ದದ್ದೇ ಅಪರೂಪ. ಪಂಚಾಯತು ಪ್ರದೇಶದಲ್ಲಿ ಗುಡಿಸಲಿನ ಸುತ್ತ 10 ಸೆಂಟ್ಸ್ ತನಕ ಜಾಗದ ಹಕ್ಕು, ಅಷ್ಟೇ. ಕೇರಳದ ಭೂಸುಧಾರಣೆಯನ್ನು ಹೊಗಳುವವರು ಈ ಸಾಲನ್ನು ಬೇಗ ದಾಟಿಬಿಡುತ್ತಾರೆ. ಅತ್ತ ರಬ್ಬರ್, ಚಹಾ, ಕಾಫಿ ತೋಟಗಳಿಗೆ ಮಿತಿಯಿಂದ ವಿನಾಯಿತಿ ಹಾಗೇ ಉಳಿಯಿತು. ಅಡಿಕೆ ಆ ಪಟ್ಟಿಗೆ ಸೇರಲಿಲ್ಲ. ಅಡಿಕೆ ಬೆಳೆಗಾರ ಸಣ್ಣ ಹಿಡುವಳಿದಾರನಾಗಿಯೇ ಇರುವುದು ಹೀಗೆ ಖಾತ್ರಿಯಾಯಿತು.

ಎಡನೀರಿನ ಕೇಸು ಬಂದದ್ದು ಈ ಹಂತದಲ್ಲಿ, 1970ರ ಮಾರ್ಚ್‌ನಲ್ಲಿ. 13 ನ್ಯಾಯಮೂರ್ತಿಗಳು, 68 ದಿನದ ವಿಚಾರಣೆ, 1973ರ ಏಪ್ರಿಲ್ 24ರಂದು 7ಕ್ಕೆ 6ರ ತೀರ್ಪು. ಸಂಸತ್ತು ಸಂವಿಧಾನ ತಿದ್ದಬಹುದು, ಆದರೆ ಮೂಲ ಸ್ವರೂಪ ಕೆಡಿಸುವಂತಿಲ್ಲ. ಹಾಗಾದರೆ ಆಸ್ತಿಯ ಹಕ್ಕು ಮೂಲ ಸ್ವರೂಪದಲ್ಲಿ ಬರುತ್ತದೆಯೇ? ಇಲ್ಲ ಎಂದರು ನಿರ್ಣಾಯಕ ಮತ ಹಾಕಿದ ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಕೇರಳದ ತಿದ್ದುಪಡಿಗಳನ್ನು ಒಂಬತ್ತನೇ ಅನುಸೂಚಿಗೆ ಸೇರಿಸಿದ 29ನೇ ತಿದ್ದುಪಡಿಯೂ ಉಳಿಯಿತು. ಮಠಕ್ಕೆ ಜಮೀನಿನ ವಿಷಯದಲ್ಲಿ ಪ್ರಯೋಜನ ಆಗಲಿಲ್ಲ. 1978ರ 44ನೇ ತಿದ್ದುಪಡಿಯಲ್ಲಿ ಆಸ್ತಿ ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ಹೊರಗೆ ಬಂತು. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಮೂವತ್ತು ವರ್ಷದ ಆರ್ಥಿಕ ಜಗಳ ಇಷ್ಟೇ: ಉಳ್ಳವರ ಆಸ್ತಿಯನ್ನು ಸರಕಾರ ಎಷ್ಟರ ಮಟ್ಟಿಗೆ ಮುಟ್ಟಬಹುದು?

ಈಗ ಧಾರಣೆಗೆ ಬರೋಣ. ಎಲ್ಲರೂ ಅಡಿಕೆ ನೆಟ್ಟರು, ಆಮದು ಬೇಡವಾಯಿತು, ಎಪ್ಪತ್ತರ ಆರಂಭದಲ್ಲಿ ಧಾರಣೆ ನೆಲ ಕಚ್ಚಿತು. ಬೇಲಿ ಹಾಕಿದ ಮಾರುಕಟ್ಟೆಯ ಕಷ್ಟವೇ ಇದು. ಒಳಗೆ ತುಂಬಿದ ಮೇಲೆ ಹೊರಗೆ ಹೋಗಲು ದಾರಿ ಇರುವುದಿಲ್ಲ. 1973ರ ಜುಲೈನಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ ಮತ್ತು ಕೇರಳ ಎರಡಕ್ಕೂ ಸೇರಿದ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ. 1956ರಲ್ಲಿ ಎಳೆದ ಗೆರೆಯನ್ನು ಬೆಳೆಗಾರರು ವ್ಯಾಪಾರದಲ್ಲಿ ಅಳಿಸಿದರು ಎಂದೇ ನನ್ನ ಲೆಕ್ಕ. ಎಂಬತ್ತರ ಹೊತ್ತಿಗೆ ಕೊಕ್ಕೋ ಕೊಳ್ಳುವವರಿಲ್ಲದಾಗ ಅದನ್ನೂ ಕೊಂಡರು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಹಾಕಿದರು. ಸರಕಾರವೂ ಅಲ್ಲದ, ಸೇಟುಗಳೂ ಅಲ್ಲದ ಮೂರನೇ ದಾರಿ ಎಂದು ಯಾರಾದರೂ ಕೇಳಿದರೆ ಇದನ್ನು ತೋರಿಸಬಹುದು.

ಬೀಡಿಯದ್ದೂ ಅಂಥದೇ ಕಥೆ. ಬೀಡಿ ಕಾರ್ಮಿಕರ ರಕ್ಷಣೆಗೆ 1966ರಲ್ಲಿ ಕೇಂದ್ರದ ಕಾಯಿದೆ ಬಂತು. ಕೇರಳ ಅದನ್ನು ಜಾರಿ ಮಾಡಿದಾಗ ಮಂಗಳೂರಿನ ಬೀಡಿ ಮಾಲೀಕರು ಈಚೆಯ ಶಾಖೆಗಳಿಗೆ ಬೀಗ ಹಾಕಿ ಹೋದರು. ಕೆಲಸ ಕಳೆದುಕೊಂಡ ಸಾವಿರಾರು ಜನರಿಗಾಗಿ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಶುರುವಾಯಿತು. ಬಂಡವಾಳ ಗಡಿ ದಾಟಿ ಓಡುವುದನ್ನು ಜಾಗತೀಕರಣ ಬರುವ ಮೊದಲೇ ನಾವು ನೋಡಿದ್ದೆವು.

ಸರಕಾರವೇ ಮಾಲೀಕನಾದರೆ ಏನಾಗಬಹುದು ಎಂಬುದನ್ನೂ ನೋಡಿದೆವು. ಗುಡ್ಡಗಳ ಮೇಲೆ ಸರಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಕೆಳಗೆ ಎಣ್ಮಕಜೆಯ ಪಡ್ರೆಯಂಥ ಊರುಗಳು, ತೆರೆದ ತೋಡುಗಳು, ಸುರಂಗದ ನೀರು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೇ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಗೇರುಬೀಜದಿಂದ ಡಾಲರ್ ಬರುತ್ತಿತ್ತು, ದೇಶಕ್ಕೆ ಡಾಲರ್ ಬೇಕಿತ್ತು. ಖಾಸಗಿಯವರು ಮಾತ್ರ ಲಾಭಕ್ಕೆ ಕಣ್ಣು ಮುಚ್ಚುತ್ತಾರೆ ಎಂದು ನಂಬುವವರು ಒಮ್ಮೆ ಈ ಕಡೆ ಬಂದು ಹೋಗಬೇಕು.

ಡಾಲರ್ ಎಂದರೆ ಗಲ್ಫ್ ನೆನಪಾಗದೆ ಇರುವುದಿಲ್ಲ. ಮೂವತ್ತು ವರ್ಷ ದೇಶದ ಆರ್ಥಿಕ ಬೆಳವಣಿಗೆ ವರ್ಷಕ್ಕೆ ನೂರಕ್ಕೆ ಮೂರೂವರೆಯ ಆಚೀಚೆ ತೆವಳಿತು. ಓದಿದ ಹುಡುಗರಿಗೆ ಇಲ್ಲಿ ಕೆಲಸ ಇಲ್ಲ. ಎಪ್ಪತ್ತರ ದಶಕದಲ್ಲಿ ಎಣ್ಣೆಯ ಬೆಲೆ ಏರಿ ಗಲ್ಫಿನಲ್ಲಿ ಕೆಲಸ ಸಿಗತೊಡಗಿದಾಗ ಕಾಸರಗೋಡು, ಉಪ್ಪಳ, ಕುಂಬಳೆಯವರು ಹೋದರು. ಚಿನ್ನದ ಮೇಲೆ 1968ರ ನಿಯಂತ್ರಣ ಕಾಯಿದೆ ಇದ್ದ ಕಾಲ ಅದು. ಈ ಕರಾವಳಿಯಲ್ಲಿ ಬಿಸ್ಕತ್ತಿನ ಕಥೆಗಳಿಗೆ ಬರ ಇರಲಿಲ್ಲ. ಯಾವ ಬಿಸ್ಕತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ನುಂಗಿತು. ಮೂರು ಪೆಟ್ಟು ಒಟ್ಟಿಗೆ ಬಿದ್ದವು. ಎಣ್ಣೆ ದುಬಾರಿಯಾಯಿತು. ಗಲ್ಫಿನಿಂದ ಬರುವ ಹಣ ತಗ್ಗಿತು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ವಾಪಸ್ ಕರೆತರಬೇಕಾಯಿತು. ಮೊದಲೇ ಸಾಲದಲ್ಲಿದ್ದ ಸರಕಾರದ ಬಳಿ 1991ರ ಮಧ್ಯದ ಹೊತ್ತಿಗೆ ಎರಡು ಮೂರು ವಾರದ ಆಮದಿಗೆ ಸಾಲುವಷ್ಟೇ ವಿದೇಶಿ ಹಣ ಇತ್ತು. ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡವಿಟ್ಟಿತು. ಮನೆಯ ಚಿನ್ನ ಬ್ಯಾಂಕಿನಲ್ಲಿಟ್ಟು ಗೊಬ್ಬರ ತರುವವರಿಗೆ ಆ ಪರಿಸ್ಥಿತಿ ಅರ್ಥವಾಗಲು ಅರ್ಥಶಾಸ್ತ್ರ ಬೇಡ.

ಉಳಿದದ್ದು ಎಲ್ಲರಿಗೂ ಗೊತ್ತಿರುವ ಭಾಗ, ಬೇಗ ಹೇಳಿ ಮುಗಿಸುತ್ತೇನೆ. 1991ರ ಜುಲೈ ಮೊದಲ ವಾರ ರೂಪಾಯಿಯ ಬೆಲೆ ಎರಡು ಸಲ ಇಳಿಸಿದರು. ಜುಲೈ 24ರಂದು ನರಸಿಂಹ ರಾವ್ ಸರಕಾರದ ಅರ್ಥಮಂತ್ರಿ ಮನಮೋಹನ ಸಿಂಗ್ ಬಜೆಟ್ ಮಂಡಿಸಿದರು. ಅದೇ ದಿನ ಹೆಚ್ಚಿನ ಕೈಗಾರಿಕೆಗಳಿಗೆ ಲೈಸೆನ್ಸಿನ ಕಾಟ ಹೋಯಿತು. ನೂರಕ್ಕೆ 300ಕ್ಕಿಂತ ಮೇಲಿದ್ದ ಗರಿಷ್ಠ ಆಮದು ಸುಂಕವನ್ನು 150ಕ್ಕೆ ಇಳಿಸಿದರು. ವರ್ಷ ವರ್ಷ ಇನ್ನೂ ಇಳಿಯಿತು. ರೂಪಾಯಿ ಅಗ್ಗವಾದದ್ದರಿಂದ ದಿರ್ಹಮು, ರಿಯಾಲಿಗೆ ಊರಲ್ಲಿ ಜಾಸ್ತಿ ರೂಪಾಯಿ ಸಿಕ್ಕಿತು. ಚಿನ್ನ ತರುವುದೂ ಸಲೀಸಾಯಿತು. ಹೈವೇ ಬದಿಯ ದೊಡ್ಡ ಮನೆಗಳಲ್ಲಿ ಆ ವರ್ಷಗಳ ಗುರುತು ಇದೆ. ಕಾರ್ಖಾನೆ ಮಾತ್ರ ಬರಲಿಲ್ಲ. ಇದ್ದ ಒಂದು ಸರಕಾರಿ ವಿದ್ಯುತ್ ಯಂತ್ರಗಳ ಕಾರ್ಖಾನೆಯೂ ರಾಜ್ಯದಿಂದ ಕೇಂದ್ರದ ಕಂಪನಿಗೆ ಹೋಗಿ, ಮುಚ್ಚಿ, ಮತ್ತೆ ರಾಜ್ಯದ ಕೈಗೆ ಬಂದು 2022ರಲ್ಲಿ ಬಾಗಿಲು ತೆರೆಯಿತು.

ಅಡಿಕೆಗೆ ಸುಧಾರಣೆ ತಟ್ಟಿದ್ದು 1995ರ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಬಳಿಕ. ಇಷ್ಟು ಮಾಲಿಗಿಂತ ಹೆಚ್ಚು ತರಬಾರದು ಎಂಬ ಪ್ರಮಾಣದ ತಡೆಗಳು 2001ರ ಏಪ್ರಿಲ್ 1ಕ್ಕೆ ಹೋದವು. ಅದಕ್ಕೆ ಒಂದು ವರ್ಷ ಮೊದಲು ಶ್ರೀಲಂಕಾದ ಜೊತೆ ಮುಕ್ತ ವ್ಯಾಪಾರ ಶುರುವಾಗಿತ್ತು. 2010ರಲ್ಲಿ ಆಗ್ನೇಯ ಏಷ್ಯಾದ ದೇಶಗಳ ಜೊತೆ ಆಯಿತು. ಕರಿಮೆಣಸಿನವರು ಇದರ ಬಿಸಿಯನ್ನು ಜಾಸ್ತಿ ಉಂಡಿದ್ದಾರೆ. ಬೇಲಿ ಪೂರ್ತಿ ಹೋಗಿದೆ ಎಂದಲ್ಲ. ಅಡಿಕೆಗೆ ಈಗಲೂ ನೂರಕ್ಕೆ 100 ಆಮದು ಸುಂಕ ಇದೆ. ಅದರ ಮೇಲೆ ಕನಿಷ್ಠ ಆಮದು ಬೆಲೆ ಎಂಬ ಇನ್ನೊಂದು ತಡೆ. ಕಿಲೋಗೆ ಆ ಬೆಲೆಗಿಂತ ಕಡಿಮೆ ತೋರಿಸಿ ತರುವಂತಿಲ್ಲ. 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರವರಿಯಲ್ಲಿ 351 ಮಾಡಿದರು. ಕರಿಮೆಣಸಿಗೆ 2017ರಿಂದ 500. ಮಧ್ಯೆ 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಈ ಬೆಲೆಯ ಷರತ್ತಿಲ್ಲದೆ ಬರಬಹುದು ಎಂದಾಗ ಇಲ್ಲಿ ಗಲಾಟೆಯೋ ಗಲಾಟೆ. ಬರ್ಮಾ ಗಡಿಯಿಂದ ಕಳ್ಳ ಅಡಿಕೆ ನುಸುಳುವುದಂತೂ ಇದ್ದದ್ದೇ. ಎಷ್ಟು ಹಿಡಿದರೂ ಮುಗಿಯುವುದಿಲ್ಲ.

ಇಲ್ಲಿ ಒಂದು ವಿಚಿತ್ರ ನೋಡಿ. ಮಾರುಕಟ್ಟೆ ಮುಕ್ತವಾಗಿದೆ, ಸರಕಾರ ಹಿಂದೆ ಸರಿದಿದೆ ಎಂದು ಮೂವತ್ತು ವರ್ಷದಿಂದ ಕೇಳುತ್ತಿದ್ದೇವೆ. ಆದರೆ ಬದಿಯಡ್ಕದ ಅಂಗಳದಲ್ಲಿ ಚಾಲಿ, ಅಂದರೆ ಒಣಗಿದ ಅಡಿಕೆ ಸುಲಿಸಿ, ಪಟೋರ, ಕೋಕ ಎಂಬ ಕೆಳದರ್ಜೆಯದನ್ನು ಬೇರೆ ಮಾಡಿಟ್ಟವನು ಇವತ್ತು ಕೊಡಲೋ, ಡಬಲ್ ಚೋಲ್ ಎಂಬ ಹಳೇ ಅಡಿಕೆ ಆಗಲಿ ಎಂದು ಇನ್ನೊಂದು ವರ್ಷ ಇಡಲೋ ಎಂದು ಯೋಚಿಸುವಾಗ ಕಣ್ಣು ಇರುವುದು ದೆಹಲಿಯ ವಾಣಿಜ್ಯ ಇಲಾಖೆಯ ಅಧಿಸೂಚನೆಯ ಮೇಲೆ. 1970ರಲ್ಲಿ ಜಮೀನು ಯಾರದ್ದು ಎಂದು ಸರಕಾರ ಹೇಳಿತು. ಈಗ ಆ ಜಮೀನಿನ ಬೆಳೆಗೆ ಎಷ್ಟು ಬೆಲೆ ನಿಲ್ಲಬೇಕು ಎಂಬುದರಲ್ಲಿ ಸರಕಾರದ ಕೈ ಇದೆ. ಬೆಳೆಗಾರರು ಸರಕಾರ ದೂರ ಇರಲಿ ಎನ್ನುತ್ತಿಲ್ಲ. 351 ಸಾಲದು, ಇನ್ನೂ ಏರಿಸಿ ಎನ್ನುತ್ತಿದ್ದಾರೆ.